ಯಾರ ‘ಪವರ್ ಆಫ್ ಲವ್’?

(ಬಳ್ಳಾರಿಯ ಕಾಲೇಜೊಂದರ ಸಭಾಂಗಣದಲ್ಲಿ ಸಂಗೀತಾಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಂದು ನಡುನಡುವೆ ಕೇಳಿಸಿದ ಹಾಡಿನ ತುಣುಕುಗಳನ್ನು ಇಲ್ಲಿ ಕೇಳಿಸಲಾಗದು. ಅವುಗಳ ಜಾಗದಲ್ಲಿ ಒಂದೆರಡು ಸಾಲು ವಿವರಣೆ ಕೊಟ್ಟಿದ್ದೇನೆ.)

ಹಿರಿಯರೇ, ಗೆಳೆಯರೇ,

ಮೊದಲು ನಿಮಗೊಂದು ಪ್ರಶ್ನೆ. ಇಲ್ಲಿ ಎರ್ರಿಸ್ವಾಮಿ ಎಂಬ ಹೆಸರಿನವರು ಎಷ್ಟು ಜನ ಇದ್ದೀರಿ? ನಾಲ್ಕು ಕೈಗಳು. ಹುಲಿಗೆಮ್ಮ? ಎರಡು. ನನಗೆ ಆಶ್ಚರ್ಯವಿಲ್ಲ. ಚೇಳ್ಳಗುರ್ಕಿಯ ಎರ್ರಿತಾತನಿಗೆ, ಹುಲಿಗಿಯ ಅಮ್ಮನಿಗೆ ಹರಕೆ ಹೊತ್ತ ಮನೆಗಳು ನಮ್ಮ ಸೀಮೆಯಲ್ಲಿ ಎಷ್ಟೋ. ನಾನು ಓದಿದ ಹೈಸ್ಕೂಲಿನ ಒಂದೇ ತರಗತಿಯಲ್ಲಿ ಮೂವರು ಎರ್ರಿಸ್ವಾಮಿಗಳಿದ್ದರು. ಹಾಜರಿ ಕೂಗಿದಾಗ ಮೂವರೂ ಎದ್ದು ನಿಲ್ಲುತ್ತಿದ್ದರು. ಒಂದು ವಾರ ನೋಡಿದ ಮಾಸ್ತರರು ಹಾಜರಿ ಪುಸ್ತಕದಲ್ಲೇ ತಿದ್ದಿ ಬರೆದುಕೊಂಡರು: ಮೋಕಾ ಎರ್ರಿಸ್ವಾಮಿ, ಕುಡತಿನಿ ಎರ್ರಿಸ್ವಾಮಿ, ರೂಪನಗುಡಿ ಎರ್ರಿಸ್ವಾಮಿ. ಇಂದಿಗೂ ಆ ಗೆಳೆಯರ ಸಂಖ್ಯೆಗಳು ನನ್ನ ಮೊಬೈಲಿನಲ್ಲಿ ಹಾಗೆಯೇ ಇವೆ.

ಹಾಡುಗಳಿಗೂ ಈ ತೊಂದರೆ ಇದೆ. ಒಂದೇ ಹೆಸರು, ಬೇರೆ ಬೇರೆ ಹಾಡು. ಅದು ನನಗೆ ಮೊದಲು ಗೊತ್ತಾದದ್ದು 1995ರ ಬೇಸಿಗೆಯಲ್ಲಿ, ಬೆಂಗಳೂರು ರಸ್ತೆಯ ಒಂದು ಕ್ಯಾಸೆಟ್ ಅಂಗಡಿಯಲ್ಲಿ. ಆಗ ಬೇಕಾದ ಹಾಡುಗಳನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುವ ಅಂಗಡಿಗಳಿದ್ದವು. 60 ನಿಮಿಷದ ಕ್ಯಾಸೆಟ್ಟೋ 90 ನಿಮಿಷದ್ದೋ ಎಂದು ಹೇಳಿ, ಹಾಳೆಯೊಂದರಲ್ಲಿ ಹಾಡುಗಳ ಪಟ್ಟಿ ಬರೆದುಕೊಟ್ಟು, ಮುಂಗಡ ಕೊಟ್ಟು ಬಂದರೆ ಎರಡು ದಿನದ ಮೇಲೆ ಕ್ಯಾಸೆಟ್ ಸಿಗುತ್ತಿತ್ತು. ಅಂಗಡಿಯ ಅಣ್ಣ ಅದರ ಬೆನ್ನಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಮುರಿದು ಕೊಡುತ್ತಿದ್ದರು. ಹಾಗೆ ಮುರಿದರೆ ಯಾರಾದರೂ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಾಡು ಅಳಿಸಿಹೋಗುವುದಿಲ್ಲ.

ಅದಕ್ಕೆ ಕೆಲವು ದಿನ ಮೊದಲು ಗೆಳೆಯನ ಮನೆಯ ವಿಸಿಆರ್‌ನಲ್ಲಿ ‘ಬ್ಯಾಕ್ ಟು ದಿ ಫ್ಯೂಚರ್’ ನೋಡಿದ್ದೆ. ಹುಡುಗನೊಬ್ಬ ಸ್ಕೇಟ್‌ಬೋರ್ಡ್ ಮೇಲೆ ನಿಂತು, ಓಡುವ ವಾಹನಗಳ ಹಿಂಬದಿ ಹಿಡಿದುಕೊಂಡು ಶಾಲೆಗೆ ಹೋಗುತ್ತಾನೆ. ಹಿನ್ನೆಲೆಯಲ್ಲಿ ಒಂದು ಹಾಡು. ಅದು ತಲೆಯೊಳಗೆ ಕುಳಿತುಬಿಟ್ಟಿತ್ತು. ಹೆಸರು ವಿಚಾರಿಸಿಕೊಂಡು ಪಟ್ಟಿಯ ಮೊದಲ ಸಾಲಿನಲ್ಲೇ ಬರೆದೆ: ‘ದಿ ಪವರ್ ಆಫ್ ಲವ್’.

ಮನೆಗೆ ಬಂದು ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿದೆ. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಗಿಟಾರು, ತುತ್ತೂರಿ, ಓಡುವ ತಾಳ ಬರುತ್ತದೆಂದು ಕಾಯುತ್ತಿದ್ದವನಿಗೆ ಕೇಳಿಸಿದ್ದು ನಿಧಾನಗತಿಯ ಒಂದು ಹೆಣ್ಣು ದನಿ, ಸೆಲಿನ್ ಡಿಯಾನ್ ಅವರದು. ಅದು ಮೇಲಕ್ಕೆ, ಇನ್ನೂ ಮೇಲಕ್ಕೆ ಏರಿದಾಗ ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತು ಕೇಳಿದಳು: “ಯಾರಪ್ಪಾ ಈಕೆ? ಇಷ್ಟು ಹೊಟ್ಟೆ ಸಂಕಟದಿಂದ ಹಾಡುತ್ತಾಳೆ?”

ಮರುದಿನ ಅಂಗಡಿಗೆ ಹೋಗಿ ಹಾಡು ಬದಲಾಗಿದೆ ಎಂದೆ. ಅಣ್ಣ ಉದ್ದನೆಯ ಲೆಕ್ಕದ ಪುಸ್ತಕ ತೆಗೆದು ನನ್ನ ಕಡೆ ತಿರುಗಿಸಿದರು. ಒಂದರ ಕೆಳಗೊಂದು ಮೂರು ‘ಪವರ್ ಆಫ್ ಲವ್’. ಅವರು ಕೇಳಿದ್ದು ಒಂದೇ ಮಾತು: “ಯಾರದು ಬೇಕು ಹೇಳು.”

ಆ ಮೂರೂ ಹಾಡುಗಳು ಹೆಚ್ಚುಕಡಿಮೆ ಒಂದೇ ವರ್ಷದೊಳಗೆ ಹುಟ್ಟಿದವು. ಲಿವರ್‌ಪೂಲಿನ ಫ್ರಾಂಕಿ ಗೋಸ್ ಟು ಹಾಲಿವುಡ್ ತಂಡದ ಹಾಡು 1984ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಅದರ ವಿಡಿಯೋದಲ್ಲಿ ಯೇಸುವಿನ ಜನನದ ಕಥೆ ಇದ್ದುದರಿಂದ ಜನ ಅದನ್ನು ಕ್ರಿಸ್ಮಸ್ ಹಾಡೆಂದೇ ಹಚ್ಚಿಕೊಂಡರು. ಜರ್ಮನಿಯಲ್ಲಿ ನೆಲೆಸಿದ್ದ ಅಮೆರಿಕದ ಗಾಯಕಿ ಜೆನಿಫರ್ ರಶ್ ಅವರ ಹಾಡು 1985ರಲ್ಲಿ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್, ಅಂದರೆ ಬಿಡಿಯಾಗಿ ಮಾರುವ ಹಾಡು. ಅವ್ವನನ್ನು ಬಾಗಿಲಿಗೆ ತಂದ ಹಾಡು ಮೂಲದಲ್ಲಿ ಇದೇ. ಸೆಲಿನ್ ಡಿಯಾನ್ ಅದನ್ನು 1993ರಲ್ಲಿ ಮತ್ತೆ ಹಾಡಿದರು, 1994ರಲ್ಲಿ ಅದು ಅಮೆರಿಕದಲ್ಲಿ ಮೊದಲ ಸ್ಥಾನ ಪಡೆಯಿತು. ಮೂರನೆಯದು ನನಗೆ ಬೇಕಾಗಿದ್ದ ಹ್ಯೂಯಿ ಲೂಯಿಸ್ ಅಂಡ್ ದ ನ್ಯೂಸ್ ತಂಡದ ಹಾಡು. 1985ರಲ್ಲಿ ಅಮೆರಿಕದ ಪಟ್ಟಿಯ ನೆತ್ತಿಯಲ್ಲಿತ್ತು. ಆ ಸಿನಿಮಾದಲ್ಲಿ ಹುಡುಗನ ತಂಡ ಇದೇ ಹಾಡನ್ನು ಗಿಟಾರಿನಲ್ಲಿ ಜೋರಾಗಿ ನುಡಿಸಿದಾಗ ‘ಸದ್ದು ಹೆಚ್ಚಾಯಿತು’ ಎಂದು ತಿರಸ್ಕರಿಸುವ ತೀರ್ಪುಗಾರ ಇದ್ದಾನಲ್ಲ, ಆ ಪಾತ್ರದಲ್ಲಿ ಸ್ವತಃ ಹ್ಯೂಯಿ ಲೂಯಿಸ್ ಕಾಣಿಸಿಕೊಂಡಿದ್ದಾರೆ. ಹಾಡಿನ ಒಡೆಯನೇ ತನ್ನ ಹಾಡನ್ನು ಬೇಡವೆನ್ನುವ ಆ ದೃಶ್ಯ ಬಂದಾಗಲೆಲ್ಲ ನಾನು ಈಗಲೂ ಕೆಲಸ ಬಿಟ್ಟು ನೋಡುತ್ತೇನೆ.

ಮೂರನ್ನೂ ಒಂದರ ಹಿಂದೊಂದು ಕೇಳಿದಿರಿ. ಒಂದರ ಗತಿ ಇನ್ನೊಂದಕ್ಕಿಲ್ಲ, ಒಂದರ ಸ್ವರ ಇನ್ನೊಂದರ ಹತ್ತಿರವೂ ಸುಳಿಯುವುದಿಲ್ಲ. ಒಂದು ಪ್ರಾರ್ಥನೆಯಂತಿದೆ, ಒಂದು ಶರಣಾಗತಿ, ಒಂದು ಕುಣಿತ. ಹಂಚಿಕೊಂಡಿರುವುದು ಹೆಸರನ್ನು ಮಾತ್ರ.

ಇನ್ನೊಂದು ಜೋಡಿ ‘ಹಲೋ’. ಲಯನಲ್ ರಿಚಿ ಅವರದು 1984ರಲ್ಲಿ, ಅಡೆಲ್ ಅವರದು 2015ರಲ್ಲಿ, ಎರಡೂ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಬಂದವು. ಅಡೆಲ್ ಹಾಡು ಅಲ್ಲಿ ಹತ್ತು ವಾರ ಕದಲಲಿಲ್ಲ. ನಾನು ಮೊಬೈಲಿಗೆ ‘ಹಲೋ ಹಾಡು ಹಾಕು’ ಎಂದರೆ ಅಡೆಲ್ ಬರುತ್ತಾರೆ. ನನ್ನ ವಯಸ್ಸಿನವರ ಮನಸ್ಸಿನಲ್ಲಿ ಇರುವವರು ರಿಚಿ. ಮೊಬೈಲು ಮಾತ್ರ ಅಂಗಡಿಯ ಅಣ್ಣನ ಹಾಗೆ ‘ಯಾರದು ಬೇಕು’ ಎಂದು ಕೇಳುವುದಿಲ್ಲ. ಹೆಚ್ಚು ಜನ ಕೇಳಿದ್ದನ್ನು ತಂದು ಮುಂದಿಡುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಉದಾಹರಣೆಗೆ ಬರುತ್ತೇನೆ. 1984ರ ಆರಂಭದಲ್ಲಿ ವ್ಯಾನ್ ಹೇಲೆನ್ ತಂಡದ ‘ಜಂಪ್’ ಅಮೆರಿಕದಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ಗಿಟಾರಿಗೆ ಹೆಸರಾದ ಎಡ್ಡಿ ವ್ಯಾನ್ ಹೇಲೆನ್ ಅದರಲ್ಲಿ ಸಿಂಥಸೈಸರ್ ಹಿಡಿದು ಕುಳಿತಿದ್ದರು. ಅದೇ ಹೊತ್ತಿನಲ್ಲಿ ಪಾಯಿಂಟರ್ ಸಿಸ್ಟರ್ಸ್ ಎಂಬ ಸೋದರಿಯರ ತಂಡದ ಬಳಿಯೂ ‘ಜಂಪ್’ ಎಂಬ ಹಾಡಿತ್ತು. ಎರಡೂ ರೇಡಿಯೋದಲ್ಲಿ ಬಂದರೆ ಕೇಳುಗರು ಗೊಂದಲಕ್ಕೆ ಬೀಳುತ್ತಾರೆಂದು ಸೋದರಿಯರ ಹಾಡಿನ ಹೆಸರಿಗೆ ಕಂಸದಲ್ಲಿ ಮೂರು ಪದ ಸೇರಿಸಿದರು, ಅದು ‘ಜಂಪ್ (ಫಾರ್ ಮೈ ಲವ್)’ ಆಯಿತು. 1992ರಲ್ಲಿ ಅಟ್ಲಾಂಟಾದ ಕ್ರಿಸ್ ಕ್ರಾಸ್ ಎಂಬ ಇಬ್ಬರು ಹುಡುಗರು ಮತ್ತೊಂದು ‘ಜಂಪ್’ ತಂದರು. ಅದೂ ಎಂಟು ವಾರ ಮೊದಲ ಸ್ಥಾನದಲ್ಲಿ ನಿಂತಿತು. ಜೆನಿಫರ್ ರಶ್ ಹಾಡಿಗೂ ಹೀಗೊಂದು ಕಂಸದ ಬಾಲ ಬಂತು. ಏರ್ ಸಪ್ಲೈ ತಂಡ 1985ರಲ್ಲಿ ಅದನ್ನು ಹಾಡಿದಾಗ ಹೆಸರಿನ ಪಕ್ಕದ ಕಂಸದಲ್ಲಿ ‘ಯೂ ಆರ್ ಮೈ ಲೇಡಿ’ ಎಂದು ಸೇರಿಸಿದ್ದರು.

ಕಂಸದೊಳಗಿನ ಆ ಮಾತು ನೋಡಿದಾಗಲೆಲ್ಲ ನನಗೆ ನೆನಪಾಗುವುದು ರಾಯಚೂರು ಜಿಲ್ಲೆಯ ಆಯ್ದಕ್ಕಿ ಲಕ್ಕಮ್ಮ. ಲಿಂಗಸುಗೂರಿನ ಹತ್ತಿರದ ಅಮರೇಶ್ವರ ಅವಳ ಸೀಮೆ. ಗಂಡ ಆಯ್ದಕ್ಕಿ ಮಾರಯ್ಯನ ವಚನಗಳ ಅಂಕಿತ ‘ಅಮರೇಶ್ವರಲಿಂಗ’. ಮನೆ ಒಂದು, ಕಾಯಕ ಒಂದು, ದೈವವೂ ಒಂದೇ. ಲಕ್ಕಮ್ಮ ಅದೇ ಅಂಕಿತವನ್ನು ಇಟ್ಟುಕೊಂಡಿದ್ದರೆ ಇಂದು ಯಾವ ವಚನ ಯಾರದೆಂದು ಹೇಳುವುದು ಕಷ್ಟವಾಗುತ್ತಿತ್ತು. ಅವಳ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಒಂದೇ ಪದ ಮುಂದೆ ಬಂದು ಕುಳಿತಿದೆ. ಅದರಲ್ಲಿ ಪ್ರೀತಿಯೂ ಇದೆ, ತನ್ನ ಮಾತಿಗೆ ತಾನೇ ಹೊಣೆ ಎಂಬ ಗಟ್ಟಿತನವೂ ಇದೆ. ಆಸೆಪಟ್ಟು ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ಅದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳು ಅವಳು. ಅವಳ ಮಾತು ಅವಳ ಹೆಸರಿನಲ್ಲೇ ಉಳಿದದ್ದು ನಮ್ಮ ಪುಣ್ಯ.

ಒಂದು ಎಚ್ಚರಿಕೆ ಇಲ್ಲಿ ಬೇಕು. ಒಂದೇ ಹೆಸರಿನ ಎರಡು ಹಾಡುಗಳು ಬೇರೆ, ಒಂದೇ ಹಾಡನ್ನು ಇಬ್ಬರು ಹಾಡುವುದು ಬೇರೆ. ‘ವೀನಸ್’ ಎಂಬ ಹೆಸರನ್ನು ನೋಡಿ. ಫ್ರಾಂಕಿ ಅವಲಾನ್ 1959ರಲ್ಲಿ ಹಾಡಿದ್ದು ಒಂದು ಹಾಡು. ನೆದರ್ಲೆಂಡ್ಸಿನ ಶಾಕಿಂಗ್ ಬ್ಲೂ ತಂಡ 1969ರಲ್ಲಿ ತಂದದ್ದು ಇನ್ನೊಂದು. 1986ರಲ್ಲಿ ಬನಾನರಾಮ ತಂಡದ ಹುಡುಗಿಯರು ಹಾಡಿದ್ದು ಈ ಎರಡನೆಯದನ್ನೇ. ಮೂರೂ ಧ್ವನಿಮುದ್ರಣಗಳು ಅಮೆರಿಕದಲ್ಲಿ ಮೊದಲ ಸ್ಥಾನ ಪಡೆದವು, ಆದರೆ ಹಾಡುಗಳು ಎರಡೇ.

ಹೆಸರೊಂದು ಎಷ್ಟು ದೂರ ನಡೆಯಬಲ್ಲದು ಎಂಬುದಕ್ಕೆ ‘ಗ್ಲೋರಿಯಾ’ ಸಾಕ್ಷಿ. ಲ್ಯಾಟಿನ್ನಿನಲ್ಲಿ ಅದು ಮಹಿಮೆ. ನಮ್ಮ ಬಳ್ಳಾರಿಯ ಚರ್ಚುಗಳಲ್ಲೂ ಕ್ರಿಸ್ಮಸ್ ಹೊತ್ತಿಗೆ ಈ ಪದ ಹಾಡಾಗಿ ಕೇಳುತ್ತದೆ. ಬೆಲ್‌ಫಾಸ್ಟಿನ ದೆಮ್ ತಂಡದಲ್ಲಿದ್ದ ವ್ಯಾನ್ ಮಾರಿಸನ್ 1964ರಲ್ಲಿ ಅದನ್ನು ಒಬ್ಬ ಹುಡುಗಿಯ ಹೆಸರಾಗಿಸಿದರು. ರಾತ್ರಿ ತನ್ನ ಕೋಣೆಗೆ ನಡೆದು ಬರುವವಳ ಹೆಸರನ್ನು ಅಕ್ಷರ ಬಿಡಿಸಿ ಕೂಗಿ ಹೇಳುವ ಹಾಡು ಅದು. 1975ರಲ್ಲಿ ಪ್ಯಾಟಿ ಸ್ಮಿತ್ ಆ ಹಾಡಿನೊಳಗೆ ತಮ್ಮ ಸ್ವಂತ ಕವಿತೆಯನ್ನು ಹೆಣೆದು ಹಾಡಿದರು. ಇಟಲಿಯ ಉಂಬೆರ್ತೊ ತೊಜ್ಜಿ 1979ರಲ್ಲಿ ಸಂಬಂಧವೇ ಇಲ್ಲದ ಬೇರೊಂದು ‘ಗ್ಲೋರಿಯಾ’ ಹಾಡಿದರು, 1982ರಲ್ಲಿ ಲಾರಾ ಬ್ರಾನಿಗನ್ ಅದನ್ನು ಇಂಗ್ಲಿಷಿಗೆ ತಂದು ಮನೆಮನೆಗೆ ಮುಟ್ಟಿಸಿದರು. ಈ ನಡುವೆ 1981ರಲ್ಲಿ ಡಬ್ಲಿನ್ನಿನ ಯೂಟೂ ತಂಡ ತನ್ನ ‘ಗ್ಲೋರಿಯಾ’ದಲ್ಲಿ ಆ ಪದವನ್ನು ಮತ್ತೆ ದೇವರ ಮುಂದೆ ತಂದು ನಿಲ್ಲಿಸಿತು, ಲ್ಯಾಟಿನ್ ಸಾಲಿನೊಂದಿಗೆ. ಗುಡಿಯಿಂದ ಹೊರಟ ಹೆಸರು ಹುಡುಗಿಯ ಕೋಣೆ, ಇಟಲಿ, ಅಮೆರಿಕ ಎಲ್ಲ ಸುತ್ತಿ ಗುಡಿಗೇ ಮರಳಿತು. ಬೆಲ್‌ಫಾಸ್ಟ್ ಮತ್ತು ಡಬ್ಲಿನ್ ಒಂದೇ ದ್ವೀಪದ ಎರಡು ಊರುಗಳು ಎಂಬುದನ್ನು ನೆನೆದಾಗ ನನಗೆ ರೋಮಾಂಚನವಾಗುತ್ತದೆ.

ಅಲ್ಲಿ ಹೀಗೇಕೆ ಆಗುತ್ತದೆ? ಪಾಪ್ ಹಾಡಿನ ಹೆಸರು ಚಿಕ್ಕದಿರಬೇಕು, ಪದೇ ಪದೇ ಮರಳಿ ಬರುವ ಸಾಲಿನಲ್ಲೇ ಇರಬೇಕು, ರೇಡಿಯೋದಲ್ಲಿ ಒಮ್ಮೆ ಕೇಳಿದವನು ಅಂಗಡಿಗೆ ಹೋಗಿ ಅದನ್ನೇ ಹೇಳಿ ಕೇಳುವಂತಿರಬೇಕು. ಪ್ರೀತಿ, ವಿರಹ, ಕರೆ ಇವುಗಳಿಗೆ ಇರುವ ಚಿಕ್ಕ ಪದಗಳು ಎಷ್ಟು? ಅವೇ ಮತ್ತೆ ಮತ್ತೆ ಬರುತ್ತವೆ. ‘ಮೈ ಲವ್’ ಹೆಸರಿನ ಹಾಡುಗಳು ಪೆಟುಲಾ ಕ್ಲಾರ್ಕ್, ಪಾಲ್ ಮೆಕಾರ್ಟ್ನಿ, ಜಸ್ಟಿನ್ ಟಿಂಬರ್ಲೇಕ್ ಮೂವರಿಗೂ ಅಮೆರಿಕದಲ್ಲಿ ಮೊದಲ ಸ್ಥಾನ ತಂದುಕೊಟ್ಟಿವೆ.

ನಮ್ಮಲ್ಲಿ ಹಾಡಿಗೆ ಬೇರೆ ಹೆಸರಿಡುವ ಪದ್ಧತಿಯೇ ಇರಲಿಲ್ಲ. ಎತ್ತುಗಡೆಯ ಸಾಲೇ ಹೆಸರು. ಕೀರ್ತನೆಗಳ ಪುಸ್ತಕದ ಅಕಾರಾದಿ ತೆಗೆದು ನೋಡಿ, ಅಲ್ಲಿರುವುದೆಲ್ಲ ಪಲ್ಲವಿಯ ಮೊದಲ ಮಾತುಗಳು. ಕವಿ ಹೆಸರಿಟ್ಟರೂ ನಾವು ಬಿಡುವುದಿಲ್ಲ. ಕುವೆಂಪು ಅವರ ‘ಅನಿಕೇತನ’ವನ್ನು ಹಾಡಲು ಕೇಳುವಾಗ ‘ಓ ನನ್ನ ಚೇತನ ಹಾಡಿ’ ಎನ್ನುತ್ತೇವೆ. ಪಲ್ಲವಿಯ ಮೊದಲ ಮಾತು ‘ಬಾರೋ’, ‘ಕರುಣಿಸೋ’, ‘ನಂಬಿದೆ’ ಎಂದಿದ್ದರೆ ಅದೇ ಎತ್ತುಗಡೆಯ ಹಾಡುಗಳು ಹತ್ತಾರು ಇರುತ್ತವೆ. ಆದರೂ ನಮ್ಮ ಅಜ್ಜಿಯರು ಗೊಂದಲಕ್ಕೆ ಬೀಳಲಿಲ್ಲ, ಏಕೆಂದರೆ ಹಾಡಿನ ಕೊನೆಯಲ್ಲಿ ಅಂಕಿತವಿತ್ತು.

ಈ ವಿದ್ಯೆಯಲ್ಲಿ ನಮ್ಮ ಸೀಮೆ ಯಾರಿಗೂ ಕಡಿಮೆಯಲ್ಲ. ಮಾನ್ವಿ ತಾಲ್ಲೂಕಿನ ಚೀಕಲಪರವಿಯ ವಿಜಯದಾಸರದು ‘ವಿಜಯವಿಠಲ’. ಅವರ ಶಿಷ್ಯ, ಮೊಸರಕಲ್ಲಿನ ಗೋಪಾಲದಾಸರದು ‘ಗೋಪಾಲವಿಠಲ’. ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ಬಾಳಿದ ಜಗನ್ನಾಥದಾಸರದು ‘ಜಗನ್ನಾಥವಿಠಲ’. ಲಿಂಗಸುಗೂರಿನ ಪ್ರಾಣೇಶದಾಸರದು ‘ಪ್ರಾಣೇಶವಿಠಲ’. ವಿಠಲ ಎಲ್ಲರಿಗೂ ಒಬ್ಬನೇ, ಮುಂದಿನ ಪದ ಅವರವರದು. ಮೋಕಾ ಎರ್ರಿಸ್ವಾಮಿ, ಕುಡತಿನಿ ಎರ್ರಿಸ್ವಾಮಿ ಎಂದು ಮಾಸ್ತರರು ಬರೆದುಕೊಂಡದ್ದೂ ಇದೇ ಲೆಕ್ಕ. ಮೊಹರಂನಲ್ಲಿ ಹಾಡುವ ರಿವಾಯತ್ ಪದ ಕೇಳಿದ್ದೀರಿ, ಲಾವಣಿ ಕೇಳಿದ್ದೀರಿ. ಕೊನೆಯ ನುಡಿಯಲ್ಲಿ ಊರು ಬರುತ್ತದೆ, ಗುರು ಬರುತ್ತಾನೆ, ಪದ ಕಟ್ಟಿದವನ ಹೆಸರು ಬರುತ್ತದೆ. ಕ್ಯಾಸೆಟ್ಟಿನ ಮೇಲಿನ ಚೀಟಿ ಕಿತ್ತುಹೋಗಬಹುದು. ಹಾಡಿನ ಒಳಗೇ ಹೊಲಿದ ಹೆಸರನ್ನು ಕೀಳಬೇಕಾದರೆ ಹಾಡನ್ನೇ ಹರಿಯಬೇಕು.

ಸಿನಿಮಾ ಹೆಸರುಗಳಲ್ಲೂ ನಾವು ಹೀಗೇ ಮಾತಾಡುತ್ತೇವೆ. 1972ರ ‘ನಾಗರಹಾವು’ ಪುಟ್ಟಣ್ಣನವರ ನಾಗರಹಾವು. 2000ದ ‘ಯಜಮಾನ’ ವಿಷ್ಣುವರ್ಧನ್ ಯಜಮಾನ, 2019ರದ್ದು ದರ್ಶನ್ ಯಜಮಾನ. ಸಿನಿಮಾದ ಹೆಸರನ್ನಾದರೂ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸುವ ಪದ್ಧತಿ ಇದೆ. ಹಾಡಿನ ಹೆಸರಿಗೆ ಅಂಥ ಬೇಲಿ ಇಲ್ಲ.

ಕಾನೂನು ಏನು ಹೇಳುತ್ತದೆ ಎಂದು ಕೆಲವರು ಚೀಟಿ ಕಳಿಸಿದ್ದೀರಿ. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ 1957ರದು. ಬರಿಯ ಶೀರ್ಷಿಕೆಗೆ ಅದರಡಿ ರಕ್ಷಣೆ ಸಿಗದು. ‘ದೇಸಿ ಬಾಯ್ಸ್’ ಎಂಬ ಹಿಂದಿ ಸಿನಿಮಾದ ಹೆಸರಿನ ಮೇಲೆ ಎದ್ದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. ಇದು ಸರಿಯಾದ ನಿಲುವೆಂದೇ ನನ್ನ ಭಾವನೆ. ‘ಗೆಳತಿ’ ಎಂಬ ಪದವನ್ನು ಒಬ್ಬನೇ ಬೀಗ ಹಾಕಿ ಇಟ್ಟುಕೊಂಡರೆ ಉಳಿದವರು ಯಾರನ್ನು ಏನೆಂದು ಕರೆಯಬೇಕು?

ಹೆಸರಿನಿಂದ ಹಾಡನ್ನು ಗುರುತಿಸಲಾಗದು ಎಂದಾದಾಗ ಜಗತ್ತು ಸಂಕೇತಗಳನ್ನು ಮಾಡಿಕೊಂಡಿತು. ಕೃತಿಗೆ ಐಎಸ್‌ಡಬ್ಲ್ಯುಸಿ ಎಂಬ ಸಂಖ್ಯೆ. ಟಿ ಅಕ್ಷರದಿಂದ ಶುರುವಾಗಿ ಒಂಬತ್ತು ಅಂಕಿ, ಕೊನೆಗೆ ತಾಳೆ ನೋಡುವ ಒಂದು ಅಂಕಿ. ಧ್ವನಿಮುದ್ರಣಕ್ಕೆ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಇನ್ನೊಂದು ಸಂಕೇತ. ಜೆನಿಫರ್ ರಶ್ ಹಾಡಿದ್ದಕ್ಕೂ ಸೆಲಿನ್ ಡಿಯಾನ್ ಹಾಡಿದ್ದಕ್ಕೂ ಕೃತಿಯ ಸಂಖ್ಯೆ ಒಂದೇ, ಧ್ವನಿಮುದ್ರಣದ ಸಂಕೇತ ಬೇರೆ ಬೇರೆ. ಹ್ಯೂಯಿ ಲೂಯಿಸ್ ಹಾಡಿಗೆ ಎರಡೂ ಬೇರೆ. ಅಂದರೆ ಅಂಗಡಿಯ ಅಣ್ಣ ಬಾಯಿಯಲ್ಲಿ ಕೇಳಿದ್ದನ್ನು ಇದು ಅಂಕಿಯಲ್ಲಿ ಕೇಳುತ್ತದೆ.

ಇದರಿಂದ ನಮಗೇನು ಎನ್ನಬೇಡಿ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. ಸಿನಿಮಾ ಹಾಡು ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಬರುವ ರಾಯಧನದಲ್ಲಿ ಸಾಹಿತ್ಯ ಬರೆದವರಿಗೂ ಸಂಗೀತ ಮಾಡಿದವರಿಗೂ ಸಮಪಾಲಿನ ಹಕ್ಕಿದೆ, ಅದನ್ನು ಅವರಿಂದ ಬರೆಸಿಕೊಂಡು ಕಸಿಯುವಂತಿಲ್ಲ ಎಂದಾಯಿತು. 1969ರಲ್ಲಿ ಹುಟ್ಟಿದ ಐಪಿಆರ್‌ಎಸ್ ಸಂಸ್ಥೆ ಇಂಥ ರಾಯಧನ ಸಂಗ್ರಹಿಸಿ ಹಂಚುತ್ತದೆ. ದುಡ್ಡು ಸರಿಯಾದ ಮನೆಗೆ ತಲುಪಬೇಕಾದರೆ ಹಾಡು ಯಾರದೆಂದು ದಾಖಲೆಯಲ್ಲಿ ಇರಬೇಕು. ನಮ್ಮ ಕಡೆಯ ಹುಡುಗರು ಜಾನಪದ ಧಾಟಿಯಲ್ಲಿ ಹಾಡು ಕಟ್ಟುತ್ತಾರೆ, ಸ್ಟುಡಿಯೋದವರಿಗೆ ದುಡ್ಡು ಕೊಟ್ಟು ಮುದ್ರಿಸುತ್ತಾರೆ. ಎರಡೇ ವಾರದಲ್ಲಿ ಅದು ಮದುವೆ ಮೆರವಣಿಗೆಯಲ್ಲಿ, ಟ್ರ್ಯಾಕ್ಟರಿನಲ್ಲಿ, ಜಾತ್ರೆಯ ತೊಟ್ಟಿಲ ಪಕ್ಕದಲ್ಲಿ ಕೇಳುತ್ತದೆ. ಮೆಮೊರಿ ಕಾರ್ಡಿನಲ್ಲಿ ಅದರ ಹೆಸರು ಬರೀ ‘ಗೆಳತಿ ಹೊಸ ಹಾಡು’. ಬರೆದವನ ಹೆಸರು ಎಲ್ಲೂ ಇಲ್ಲ. ಇದು ನನಗೆ ನೋವು ತರುವ ಸಂಗತಿ.

ಮಾತು ಮುಗಿಸಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ. ಸಿರುಗುಪ್ಪ ಕಡೆಯವನು, ಬಿ.ಎ. ಎರಡನೆಯ ವರ್ಷ. “ಸರ್, ನನ್ನ ಹಾಡಿನ ಹೆಸರಿನಲ್ಲೇ ಇನ್ನೂ ಆರು ಹಾಡುಗಳಿವೆ. ನಾನು ಹೆಸರು ಬದಲಿಸಬೇಕೇ?” ಬೇಡ ಎಂದೆ. ಬರೆದವರು, ರಾಗ ಹಾಕಿದವರು, ಹಾಡಿದವರು, ಮುದ್ರಿಸಿದ ವರ್ಷ ಇವನ್ನು ಹಾಡಿನ ಜೊತೆಗೇ ದಾಖಲಿಸು ಎಂದು ಹೇಳಿ, ಕೊನೆಯ ನುಡಿ ಹಾಡಿ ತೋರಿಸು ಎಂದು ಕೇಳಿದೆ. ನಾಚುತ್ತಲೇ ಹಾಡಿದ. ಚೆನ್ನಾಗಿತ್ತು. ಅವನ ಊರು ಇತ್ತು, ಹಾಡು ಕಲಿಸಿದ ಸೋದರಮಾವನ ಹೆಸರಿತ್ತು. ಅವನ ಹೆಸರು ಇರಲಿಲ್ಲ.

“ಸೇರಿಸಿ ನೋಡಿದೆ ಸರ್. ನನ್ನ ಹೆಸರು ಉದ್ದ, ತಾಳಕ್ಕೆ ಕೂರುವುದಿಲ್ಲ.”

ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ತಬಲಾ ವಾದಕರೊಬ್ಬರು ಅಷ್ಟು ಹೊತ್ತೂ ಸುಮ್ಮನೆ ಕೇಳುತ್ತಿದ್ದರು. ಈಗ ಅವನನ್ನು ಹತ್ತಿರ ಕರೆದು, ಮೇಜಿನ ಮೇಲೆ ಬೆರಳುಗಳಿಂದ ಎಂಟು ಮಾತ್ರೆ ಹಾಕಿದರು. “ಊರಿನ ಹೆಸರನ್ನು ಅರ್ಧ ಮಾತ್ರೆ ಮೊದಲೇ ಎತ್ತಿಕೋ, ತಮ್ಮಾ. ಜಾಗ ತಾನಾಗಿ ಆಗುತ್ತದೆ.” ಮೊದಲ ಸಲ ತಪ್ಪಿತು. ಎರಡನೆಯ ಸಲವೂ ತಪ್ಪಿತು. ಸಭಾಂಗಣದ ಬಾಗಿಲು ಹಾಕಲು ಬಂದ ಜವಾನರು ಬೀಗ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತರು. ಮೂರನೆಯ ಸಲ ಹುಡುಗ ಕಣ್ಣು ಮುಚ್ಚಿ ಎತ್ತಿಕೊಂಡ.